ಬಾಟಿಕ್ ಬಟ್ಟೆಯಲ್ಲಿ ಡ್ರೆಸ್ಡನ್ ತಾಟಿನ ಕೌದಿ: ಎಸಳಿನ ಅಳತೆಯಿಂದ ಅಂಚುಪಟ್ಟಿಯವರೆಗೆ

ಒಂದೇ ಅಳತೆಯ 20 ಎಸಳುಗಳನ್ನು ಸುತ್ತಲೂ ಜೋಡಿಸಿ, ನಡುವೆ ಉಳಿಯುವ ತೂತಿನ ಮೇಲೆ ದುಂಡನೆಯ ಬಿಲ್ಲೆ ಕೂರಿಸಿ, ಇಡೀ ಹೂವನ್ನು ತಿಳಿಬಣ್ಣದ ಚೌಕದ ಮೇಲೆ ಹೊಲಿಯುವುದು ಡ್ರೆಸ್ಡನ್ ತಾಟಿನ ವಿನ್ಯಾಸ. 1920 ಮತ್ತು 1930ರ ದಶಕಗಳಲ್ಲಿ ಅಮೆರಿಕದ ಮನೆಗಳ ಹೊದಿಕೆಗಳಲ್ಲಿ ಇದು ತುಂಬ ಬಳಕೆಯಲ್ಲಿತ್ತು. ಜರ್ಮನಿಯ ಡ್ರೆಸ್ಡನ್ ಕಡೆಯ ಹೂಚಿತ್ತಾರದ ಪಿಂಗಾಣಿ ತಾಟುಗಳಿಂದ ಹೆಸರು ಬಂತು.

ಕಲಬುರಗಿ, ಬೀದರ, ಯಾದಗಿರಿ ಕಡೆ ಕೌದಿ ಹೊಲಿದು ರೂಢಿಯಿದ್ದ ಕೈಗೆ ಇದರ ಹೊಲಿಗೆ ಹೊಸದಲ್ಲ, ಅಳತೆ ಹೊಸದು. ಕೌದಿಯಲ್ಲಿ ಒಂದು ತುಂಡು ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಪಕ್ಕದ ತುಂಡನ್ನು ಮೇಲೆ ಎಳೆದು ಸರಿಮಾಡಬಹುದು. ತಾಟಿನಲ್ಲಿ ಆ ಸಲಿಗೆ ಇಲ್ಲ. 20 ಎಸಳುಗಳ ಕೋನ ಕೂಡಿ 360 ಡಿಗ್ರಿ ಆದರೆ ಮಾತ್ರ ತಾಟು ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಕಡಿಮೆಯಾದರೆ ಬೋಗುಣಿಯಾಗುತ್ತದೆ, ಹೆಚ್ಚಾದರೆ ಅಂಚು ನಿರಿಗೆ ಬೀಳುತ್ತದೆ. ಸಾದಾ ಮಲ್ ಬಟ್ಟೆಯಾದರೆ ಇಸ್ತ್ರಿಯಲ್ಲಿ ಎಳೆದು ಒತ್ತಿ ಸ್ವಲ್ಪ ಮುಚ್ಚಿಹಾಕಬಹುದು. ಒತ್ತು ನೇಯ್ಗೆಯ ಬಾಟಿಕ್ ಎಳೆದರೆ ಬಗ್ಗುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಹೆಚ್ಚಿನ ಹೊತ್ತು ಅಳತೆಗೂ ನಡುನಡುವಿನ ಪರೀಕ್ಷೆಗೂ ಹೋಗಬೇಕು.

ಇಲ್ಲಿ ಕೊಟ್ಟ ಲೆಕ್ಕ 56×72 ಇಂಚಿನ ಒಂಟಿ ಮಂಚದ ಹೊದಿಕೆಯದು. 16 ಇಂಚಿನ 12 ಚೌಕಗಳು ಅಡ್ಡಕ್ಕೆ ಮೂರು, ಉದ್ದಕ್ಕೆ ನಾಲ್ಕು; ಸುತ್ತ 4 ಇಂಚಿನ ಅಂಚು. ಪ್ರತಿ ತಾಟಿನ ಅಡ್ಡಳತೆ ಸುಮಾರು 14 ಇಂಚು.

ಬಾಟಿಕ್ ಆರಿಸುವಾಗ

ಬಾಟಿಕ್ ಅಂದರೆ ಬಟ್ಟೆಯ ಮೇಲೆ ಬಿಸಿ ಮೇಣದಿಂದ ಚಿತ್ತಾರ ಬರೆದು ಬಣ್ಣದಲ್ಲಿ ಅದ್ದುವ ಕೆಲಸ. ಮೇಣ ಕೂತಲ್ಲಿ ಬಣ್ಣ ಹತ್ತುವುದಿಲ್ಲ. ಮೇಣ ಬಿರುಕು ಬಿಟ್ಟಲ್ಲಿ ಬಣ್ಣ ನುಗ್ಗಿ ಸಣ್ಣ ಗೆರೆಗಳ ಬಲೆ ಮೂಡುತ್ತದೆ. ನಮ್ಮ ದೇಶದಲ್ಲಿ ಉಜ್ಜಯಿನಿ ಹತ್ತಿರದ ಭೈರೋಗಢ ಮತ್ತು ಕಛ್‌ನ ಮುಂದ್ರಾ ಈ ಕೆಲಸಕ್ಕೆ ಹೆಸರಾದ ಊರುಗಳು. ಇಂಡೋನೇಷ್ಯಾದ ಬಾಟಿಕ್ ಕಲೆ 2009ರಲ್ಲಿ ಯುನೆಸ್ಕೋದ ಪಟ್ಟಿ ಸೇರಿದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಬಟ್ಟೆ ಅಂಗಡಿಗಳಲ್ಲಾಗಲಿ, ಬೀದರಿನಲ್ಲಾಗಲಿ, ಬಾಟಿಕ್ ಕೊಡಿ ಅಂದರೆ ನೈಟಿ ಬಟ್ಟೆಯ ಥಾನು ಬಿಚ್ಚುವುದೇ ಹೆಚ್ಚು. ಅದರಲ್ಲಿ ಬಹುಪಾಲು ಬಾಟಿಕ್ ನಮೂನೆಯ ಪ್ರಿಂಟು. ಹಿಂಬದಿ ತಿರುಗಿಸಿ ನೋಡಿ. ನಿಜವಾದ ಬಾಟಿಕ್‌ನಲ್ಲಿ ಬಣ್ಣ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಗಾಢ. ಪ್ರಿಂಟಿನಲ್ಲಿ ಹಿಂಬದಿ ಮಂಕು. ಪ್ರಿಂಟು ತೆಗೆದುಕೊಂಡರೆ ಪಾಪವೇನಿಲ್ಲ, ಆದರೆ ಸರಿಬದಿ ಯಾವುದು ಅಂತ ಪ್ರತಿ ಎಸಳಿಗೂ ನೋಡಿಕೊಳ್ಳಬೇಕು. ನಿಜವಾದ ಬಾಟಿಕ್‌ನಲ್ಲಿ ಆ ತಲೆನೋವಿಲ್ಲ.

ಬಣ್ಣಕ್ಕಿಂತ ಮೊದಲು ನೂಲು ನೋಡಬೇಕು. ಇದೇ ಚಿತ್ತಾರ ರೇಯಾನ್ ಬಟ್ಟೆಯಲ್ಲೂ ಬರುತ್ತದೆ. ರೇಯಾನ್ ಕೈಯಲ್ಲಿ ಹಿಡಿದರೆ ನೀರಿನಂತೆ ಜಾರಿ ಬೀಳುತ್ತದೆ, ಒಗೆದರೆ ಹತ್ತಿಗಿಂತ ಹೆಚ್ಚು ಕುಗ್ಗುತ್ತದೆ. ಅದರ ಒಂದು ಎಳೆಯನ್ನು ನೀರಲ್ಲಿ ನೆನೆಸಿ ಎಳೆದರೆ ಪಟ್ಟನೆ ಹರಿಯುತ್ತದೆ. ಹತ್ತಿಯ ಎಳೆ ನೆನೆದಾಗ ಇನ್ನೂ ಗಟ್ಟಿ. ಹತ್ತಿಯಲ್ಲೂ ತೀರ ತೆಳ್ಳನೆಯ ಮಲ್ ಬೇಡ. ಕೇಂಬ್ರಿಕ್ ಅಥವಾ ಪಾಪಲೀನ್ ದಪ್ಪದ್ದು ಬೇಕು. ಎಸಳಿಗೆ ಆರಿಸುವ ಹತ್ತೂ ಬಟ್ಟೆಗಳು ಒಂದೇ ದಪ್ಪದವಾಗಿರಲಿ, ಇಲ್ಲವಾದರೆ ದಪ್ಪದ್ದು ಪಕ್ಕದ ತೆಳ್ಳನೆಯದನ್ನು ಎಳೆಯುತ್ತದೆ.

ಬಣ್ಣ ಜೋಡಿಸುವಾಗ ಕಡುಬಣ್ಣ ಐದು, ತಿಳಿಬಣ್ಣ ಐದು ಇಟ್ಟುಕೊಳ್ಳಿ. ಫೋನಿನಲ್ಲಿ ಹತ್ತನ್ನೂ ಒಟ್ಟಿಗೆ ಕಪ್ಪುಬಿಳುಪು ಫೋಟೋ ತೆಗೆದು ನೋಡಿದರೆ ಯಾವುದು ಕಡು, ಯಾವುದು ತಿಳಿ ಅಂತ ಕಣ್ಣಿಗೆ ಮೋಸವಾಗುವುದಿಲ್ಲ. ಕಣ್ಣಿಗೆ ಬೇರೆಬೇರೆ ಕಂಡ ಕೆಂಪು, ಹಸಿರುಗಳು ಫೋಟೋದಲ್ಲಿ ಒಂದೇ ಬೂದಿಬಣ್ಣವಾಗಿ ಕಂಡರೆ ಅವನ್ನು ಅಕ್ಕಪಕ್ಕ ಕೂರಿಸಬೇಡಿ, ಎಸಳಿನ ಗೆರೆ ಕಳೆದುಹೋಗುತ್ತದೆ. ಹಿಂದಿನ ಚೌಕಕ್ಕೆ ಮಾತ್ರ ಸಾದಾ ಬಟ್ಟೆಯೇ ಸರಿ. ಅದಕ್ಕೂ ಬಾಟಿಕ್ ಹಾಕಿದರೆ ಚೆಂದ ಅನ್ನಿಸಬಹುದು, ಹೊಲಿದ ಮೇಲೆ ತಾಟು ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಕೆನೆಬಣ್ಣದ ಪಾಪಲೀನ್ ಎಲ್ಲದಕ್ಕೂ ಹೊಂದುತ್ತದೆ.

ಎಷ್ಟು ಬಟ್ಟೆ

ಲೆಕ್ಕ 44 ಇಂಚು ಪನ್ನದ (ಅಗಲದ) ಬಟ್ಟೆಗೆ. ಅಂಚು ತೆಗೆದು ಬಳಕೆಗೆ ಬರುವುದು ಸುಮಾರು 42 ಇಂಚು.

ಎಸಳಿಗೆ 10 ಬಗೆಯ ಬಾಟಿಕ್, ತಲಾ ಅರ್ಧ ಮೀಟರ್. 12 ತಾಟಿಗೆ ಬೇಕಾದದ್ದು 240 ಎಸಳು, ಅಂದರೆ ಒಂದೊಂದು ಬಟ್ಟೆಯಿಂದ 24. ಒಂದು ಅಡ್ಡಪಟ್ಟಿಯಲ್ಲಿ ತಲೆಕೆಳಗು ಮಾಡುತ್ತ ಕತ್ತರಿಸಿದರೆ 20 ಎಸಳು ಬರುತ್ತವೆ. ಎರಡು ಪಟ್ಟಿ ಸಾಕು. ಮಿಕ್ಕದ್ದು ಕೆಟ್ಟುಹೋದ ಎಸಳಿಗೆ ಕಾದಿಟ್ಟ ಗಂಟು. ಅರ್ಧ ಮೀಟರಿಗಿಂತ ಕಡಿಮೆ ಕತ್ತರಿಸಿ ಕೊಡುವ ಅಂಗಡಿ ಸಿಗುವುದೂ ಕಷ್ಟ.

ಬಿಲ್ಲೆಗೆ ಅರ್ಧ ಮೀಟರ್, ಹತ್ತರಲ್ಲಿ ಸೇರದ ಒಂದು ಕಡುಬಣ್ಣ. ಚೌಕಕ್ಕೆ ಪಾಪಲೀನ್ 3 ಮೀಟರ್. 58 ಇಂಚು ಪನ್ನದ್ದು ಸಿಕ್ಕರೆ 2 ಮೀಟರಿನಲ್ಲೇ ಮುಗಿಯುತ್ತದೆ. ಸುತ್ತಲಿನ ಅಂಚಿಗೂ ಅಂಚುಪಟ್ಟಿಗೂ ಸೇರಿ ಒಂದೇ ಬಾಟಿಕ್ 2 ಮೀಟರ್. ಅಸ್ತರಕ್ಕೆ 3.3 ಮೀಟರ್, 60 ಇಂಚಿನ ಎರಡು ತುಂಡು ಮಾಡಿ ಅಗಲಕ್ಕೆ ಜೋಡಿಸುವುದು. ಕೂಡುಹೊಲಿಗೆ ಹೊದಿಕೆಯ ಅಡ್ಡಕ್ಕೆ ಬರುತ್ತದೆ, ಬಟ್ಟೆ ಉಳಿಯುತ್ತದೆ.

ತೊಳೆಯದೆ ಕತ್ತರಿ ಹಾಕಬೇಡಿ

ಬಾಟಿಕ್‌ನ ಕಡು ನೀಲಿ, ಕೆಂಪು, ಮರೂನ್ ಬಣ್ಣ ಬಿಡುವ ಸಂಭವ ಹೆಚ್ಚು. ಕೆನೆಬಣ್ಣದ ಚೌಕದ ಮೇಲೆ ಅದು ಬಿಟ್ಟು ಒಣಗಿದರೆ ತೆಗೆಯುವುದು ತುಂಬ ಕಷ್ಟ. ಪ್ರತಿ ಬಟ್ಟೆಯನ್ನೂ ಬೇರೆ ಬಕೆಟ್‌ನಲ್ಲಿ, ತಣ್ಣೀರಿನಲ್ಲಿ, ಸ್ವಲ್ಪ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ ಜಾಲಿಸಿ. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಮಾಡಿ. ಬೋರಿನ ಸವಳು ನೀರಾದರೆ ಸೋಪು ಪೂರ್ತಿ ಬಿಡುವುದಿಲ್ಲ. ಕೊನೆಯ ಜಾಲಿಗೆ ಮಳೆನೀರು ಅಥವಾ ಕುಡಿಯುವ ನಳದ ನೀರು ಒಳ್ಳೆಯದು. ಉಪ್ಪು ಅಥವಾ ವಿನೆಗರ್ ಹಾಕಿದರೆ ಬಣ್ಣ ಕಚ್ಚುತ್ತದೆ ಅಂತ ಹೇಳುವವರಿದ್ದಾರೆ. ಈಗಾಗಲೇ ಅದ್ದಿ ಒಣಗಿದ ಬಟ್ಟೆಗೆ ಅದರಿಂದ ಉಪಯೋಗವಿಲ್ಲ. ಹೆಚ್ಚುವರಿ ಬಣ್ಣ ತೊಳೆದುಹೋಗಬೇಕು, ಅಷ್ಟೆ.

ಕೊನೆಗೊಂದು ಪರೀಕ್ಷೆ. ಒದ್ದೆ ಬಾಟಿಕ್ ಮೇಲೆ ಬಿಳಿ ಹತ್ತಿ ತುಂಡು ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿ ತುಂಡಿಗೆ ಬಣ್ಣ ಹತ್ತಿದರೆ ಇನ್ನೊಮ್ಮೆ ತೊಳೆಯಿರಿ. ಆಮೇಲೂ ಹತ್ತುತ್ತಿದ್ದರೆ ಆ ಬಟ್ಟೆಯನ್ನು ಬೇರೆ ಕೆಲಸಕ್ಕೆ ಇಡಿ, ಎಷ್ಟು ಚೆಂದವಿದ್ದರೂ ಸರಿ.

ಇಸ್ತ್ರಿ ಮಾಡುವಾಗ ಎಣ್ಣೆ ಬಿದ್ದಂಥ ಕಲೆ ಕಂಡರೆ ಅದು ಉಳಿದ ಮೇಣ. ಅದು ಸೂಜಿಗೆ ಮೆತ್ತಿಕೊಂಡು ದಾರ ಕಡಿಯುತ್ತದೆ, ಇಸ್ತ್ರಿಯ ತಳಕ್ಕೂ ಅಂಟುತ್ತದೆ. ಕೆಳಗೆ ಮೇಲೆ ಹಳೆಯ ಬಿಳಿ ಪಂಚೆಯ ತುಂಡು ಇಟ್ಟು ಒತ್ತಿದರೆ ಮೇಣ ಕರಗಿ ಅದಕ್ಕೆ ಇಳಿಯುತ್ತದೆ. ದಿನಪತ್ರಿಕೆ ಬೇಡ, ಮಸಿ ಬಟ್ಟೆಗೆ ಹತ್ತುತ್ತದೆ. ಒಣಗಿಸುವುದು ನೆರಳಲ್ಲಿ, ಏಪ್ರಿಲ್ ಮೇ ಬಿಸಿಲಿಗೆ ಹಾಕಿದರೆ ಬಣ್ಣ ಹಾರುತ್ತದೆ. ಕತ್ತರಿಸುವ ಮೊದಲು ಅಕ್ಕಿಯ ತೆಳು ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಎಸಳು ಕಾಗದದ ಹಾಗೆ ನಿಲ್ಲುತ್ತದೆ, ಓರೆ ಅಂಚು ಹಿಗ್ಗುವುದಿಲ್ಲ.

ಎಸಳಿನ ಅಚ್ಚು

20 ಎಸಳಿಗೆ ಒಂದೊಂದರ ಕೋನ 18 ಡಿಗ್ರಿ. ಹೊಲಿಗೆಗೆ ಬಿಡುವ ಕಾಲು ಇಂಚು ಮಾರ್ಜಿನ್ ಸೇರಿಸಿ ಅಳತೆ ಹೀಗೆ: ಉದ್ದ 150 ಮಿ.ಮೀ., ಅಗಲದ ತುದಿ 71 ಮಿ.ಮೀ., ಕಿರಿದಾದ ತುದಿ 23.5 ಮಿ.ಮೀ. ಈ ಒಂದು ಕಡೆ ಇಂಚು ಬಿಟ್ಟು ಮಿಲಿಮೀಟರಿನಲ್ಲೇ ಅಳೆಯಿರಿ, ಇಂಚಿನ ಟೇಪಿನಲ್ಲಿ ಇಷ್ಟು ಸೂಕ್ಷ್ಮ ಸಿಗುವುದಿಲ್ಲ.

ಹಳೆಯ ಎಕ್ಸರೇ ಹಾಳೆ ಅಚ್ಚಿಗೆ ಹೇಳಿ ಮಾಡಿಸಿದಂತಿರುತ್ತದೆ. ರಟ್ಟಿನ ಅಂಚು ಹತ್ತಿಪ್ಪತ್ತು ಎಸಳು ಗೀಚುವುದರಲ್ಲಿ ಸವೆದು ಅಳತೆ ಬದಲಾಗುತ್ತದೆ; ಎಕ್ಸರೇ ಸವೆಯುವುದಿಲ್ಲ. ಹಾಳೆಯ ನಡುವೆ 150 ಮಿ.ಮೀ. ಗೆರೆ ಎಳೆಯಿರಿ. ಮೇಲ್ತುದಿಯಲ್ಲಿ ಆಚೀಚೆ 35.5, ಕೆಳತುದಿಯಲ್ಲಿ ಆಚೀಚೆ 11.75 ಮಿ.ಮೀ. ಗುರುತು ಹಾಕಿ ಜೋಡಿಸಿ. ನಡುಗೆರೆಯನ್ನು ಸೂಜಿಯಿಂದ ಕೊರೆದು ಇಡಿ, ಮುಂದೆ ಬೇಕಾಗುತ್ತದೆ.

ಬಟ್ಟೆ ಕತ್ತರಿಸುವ ಮೊದಲು ಅಚ್ಚನ್ನು ಪರೀಕ್ಷಿಸಿ. ದಿನಪತ್ರಿಕೆಯ ಮೇಲೆ ಅಚ್ಚಿಟ್ಟು ಗೀಚಿ, ಅದರ ಅಂಚಿಗೆ ಅಂಚು ತಾಗಿಸಿ ಮತ್ತೆ ಗೀಚುತ್ತ ಐದು ಎಸಳು ಬರೆಯಿರಿ. ಮೊದಲ ಗೆರೆಗೂ ಕೊನೆಯ ಗೆರೆಗೂ ನಡುವೆ ಸರಿಯಾಗಿ ಮೂಲೆಮಟ್ಟ (90 ಡಿಗ್ರಿ) ಬರಬೇಕು. ಇಪ್ಪತ್ತೂ ಬರೆದರೆ ಸುತ್ತು ಕೂದಲೆಳೆಯಷ್ಟೂ ಬಾಯಿ ಬಿಡದೆ ಮುಚ್ಚಬೇಕು. ಇಲ್ಲಿ ತಪ್ಪಿದರೆ ಅಚ್ಚನ್ನೇ ಹೊಸದಾಗಿ ಮಾಡಿ; ಮುಂದೆ 240 ಬಾರಿ ಅದೇ ತಪ್ಪನ್ನು ಕತ್ತರಿಸಬೇಕಾದೀತು.

ಕತ್ತರಿಸುವುದು

ಪನ್ನದ ಅಡ್ಡಕ್ಕೆ 150 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ. ಒಂದು ಎಸಳು ಮೇಲ್ಮುಖ, ಮುಂದಿನದು ಕೆಳಮುಖ ಇಟ್ಟು ಗೀಚುತ್ತ ಹೋದರೆ ಬಟ್ಟೆ ಹಾಳಾಗುವುದಿಲ್ಲ. ಹೀಗೆ ಕತ್ತರಿಸಿದಾಗ ಎಸಳಿನ ನಡುಗೆರೆ ಬಟ್ಟೆಯ ಉದ್ದದ ಎಳೆಗೆ ಸಮನಾಗಿರುತ್ತದೆ, ಎರಡೂ ಬದಿ ಒಂದೇ ಸಮ 9 ಡಿಗ್ರಿ ಓರೆಯಾಗುತ್ತವೆ. ಚಿತ್ತಾರದ ಹೂವು ನಡುವೆ ಬರಲಿ ಅಂತ ಅಚ್ಚನ್ನು ವಾಲಿಸಿ ಇಟ್ಟರೆ ಒಂದು ಬದಿ ಹೆಚ್ಚು ಓರೆಯಾಗಿ ಹಿಗ್ಗುತ್ತದೆ. ಬಾಟಿಕ್‌ನ ಚಿತ್ತಾರ ಎಲ್ಲಿ ಕತ್ತರಿಸಿದರೂ ಚೆಂದ, ಆ ಆಸೆ ಬೇಡ.

ಟೇಲರ್ ಚಾಕಿನ ಗೆರೆ ದಪ್ಪ. ಕಡುಬಣ್ಣದ ಮೇಲೆ ಸವೆದ ಬಿಳಿ ಮೈಸೋಪಿನ ಚೂರು, ತಿಳಿಬಣ್ಣದ ಮೇಲೆ ಚೂಪು ಪೆನ್ಸಿಲ್ ಸಾಕು. ಗೆರೆಯ ಒಳಬದಿಗೆ ಕತ್ತರಿ ಓಡಿಸಿ, ಗೆರೆ ಎಸಳಿನಲ್ಲಿ ಉಳಿಯಬಾರದು. ಕತ್ತರಿಯಲ್ಲಾದರೆ ಎರಡು ಪದರಕ್ಕಿಂತ ಹೆಚ್ಚು ಬೇಡ. ಕೆಳಗಿನ ಪದರ ಸರಿಯುತ್ತದೆ. ಗಾಲಿ ಕಟರ್ ಮತ್ತು ಮ್ಯಾಟ್ ಇದ್ದರೆ ನಾಲ್ಕು ಪದರ ಆದೀತು.

ತುದಿಯ ಮೊನೆ ಮಾಡುವುದು

ಎಸಳನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ, ಸರಿಬದಿ ಒಳಗಿರಲಿ. ಅಗಲದ ತುದಿಯಲ್ಲಿ ಕಾಲು ಇಂಚು ಬಿಟ್ಟು ಅಡ್ಡಕ್ಕೆ ಹೊಲಿಯಿರಿ. ದಾರ ಕತ್ತರಿಸದೆ ಒಂದರ ಹಿಂದೊಂದು ಎಸಳು ಕೊಡುತ್ತ ಹೋದರೆ 24 ಎಸಳಿನ ಮಾಲೆ ಬೇಗ ಆಗುತ್ತದೆ, ದಾರವೂ ಉಳಿಯುತ್ತದೆ. ಮಡಿಕೆಯ ಬದಿಯ ಮೂಲೆಯನ್ನು ಓರೆಯಾಗಿ ಕತ್ತರಿಸಿ, ಹೊಲಿಗೆಗೆ 2 ಮಿ.ಮೀ. ದೂರ ಬಿಡಿ. ತಿರುವಿ ಹಾಕಿದರೆ ತುದಿ ಮೊನೆಯಾಗುತ್ತದೆ.

ಮೊನೆ ತಿರುವಲು ಮೊಂಡಾದ ಬಿದಿರು ಕಡ್ಡಿ ಬಳಸಿ. ಕತ್ತರಿಯ ತುದಿ ಹಾಕಿದರೆ ತೂತು ಬೀಳುವುದು ಖಂಡಿತ. ಹಿಂಬದಿಯ ಹೊಲಿಗೆ ಎಸಳಿನ ನಡುಗೆರೆಯ ಮೇಲೇ ಕೂರಬೇಕು, ಆಮೇಲೆ ಇಸ್ತ್ರಿ. ಒಂದು ಕೂದಲಷ್ಟು ಆಚೀಚೆ ಕೂತರೂ ಮೊನೆ ವಾಲುತ್ತದೆ, ಒಂದು ಭುಜ (ಮೊನೆಯ ಓರೆ ಎಸಳಿನ ಬದಿಗೆ ಕೂಡುವ ಮೂಲೆ) ಮೇಲೆ ಇನ್ನೊಂದು ಕೆಳಗೆ ಬರುತ್ತದೆ. ಹೊಲಿಯುವ ಮೊದಲೇ ಎಸಳನ್ನು ಮಡಿಚಿ ಇಸ್ತ್ರಿಯಲ್ಲಿ ನಡುಗೆರೆ ಮೂಡಿಸಿಕೊಂಡರೆ ಈ ತೊಂದರೆ ಬಾರದು. ಭುಜದಿಂದ ಮೊನೆಯವರೆಗಿನ ಎತ್ತರ ಸುಮಾರು 30 ಮಿ.ಮೀ. ಬಂದರೆ ಸರಿಯಾಗಿದೆ ಅಂತ ತಿಳಿಯಿರಿ.

ಎಸಳು ಜೋಡಿಸುವುದು: ತಾಟು ಕೆಡುವುದೇ ಇಲ್ಲಿ

ಮೆಷಿನ್‌ಗೆ 11 ನಂಬರ್ ಸೂಜಿ ಹಾಕಿ. ಮನೆಯ ಕಾಲ್ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಇರುವ 14 ಅಥವಾ 16 ಬಾಟಿಕ್‌ಗೆ ದಪ್ಪವಾಯಿತು. ಒತ್ತು ನೇಯ್ಗೆಯಲ್ಲಿ ಸೂಜಿ ಮಾಡಿದ ತೂತು ತಾನಾಗಿ ಮುಚ್ಚುವುದಿಲ್ಲ. ಬಿಚ್ಚಿ ಹೊಲಿದರೆ ಹಳೆಯ ತೂತುಗಳ ಸಾಲು ಹಾಗೇ ಕಾಣುತ್ತದೆ. ಒದ್ದೆ ಬೆರಳಿನಿಂದ ಸವರಿ ಉಗುರಿನಿಂದ ಉಜ್ಜಿದರೆ ಸ್ವಲ್ಪ ಮುಚ್ಚುತ್ತದೆ. ಟಾಚಣಿಯೂ ತೆಳ್ಳನೆಯದೇ ಇರಲಿ. ಹೊಲಿಗೆ ಇಂಚಿಗೆ 12 ಟಾಕಿ.

ಮಾರ್ಜಿನ್ ಒಂದೇ ಸಮ ಬರಲು ಸೂಜಿಯಿಂದ ಬಲಕ್ಕೆ ಕಾಲು ಇಂಚು ಅಳೆದು, ಮೆಷಿನ್‌ನ ಹಾಸಿನ ಮೇಲೆ ಮೆಡಿಕಲ್ ಪ್ಲಾಸ್ಟರ್ ಪಟ್ಟಿಯನ್ನು ನಾಲ್ಕೈದು ಪದರ ಅಂಟಿಸಿ ಕಟ್ಟೆಯ ಹಾಗೆ ಮಾಡಿ. ಬಟ್ಟೆಯ ಅಂಚು ಆ ಕಟ್ಟೆಗೆ ತಾಗಿಕೊಂಡೇ ಓಡಬೇಕು. ಮೆಷಿನ್‌ನ ಪಾದವನ್ನೇ ಅಳತೆ ಅಂತ ನಂಬಬೇಡಿ, ಎಲ್ಲ ಪಾದಗಳೂ ಕಾಲು ಇಂಚಿನವಲ್ಲ. ಒಂದೂವರೆ ಇಂಚಿನ ಮೂರು ಪಟ್ಟಿ ಜೋಡಿಸಿ ಹೊಲಿದು ನೋಡಿ. ನಡುವಿನದು ಸರಿಯಾಗಿ 1 ಇಂಚು ಉಳಿದರೆ ಮಾರ್ಜಿನ್ ಸರಿ.

ಈಗ ಹೆಚ್ಚಿನವರು ತಪ್ಪಾಗಿ ತಿಳಿದಿರುವ ಒಂದು ವಿಷಯ. ತಾಟು ಬೋಗುಣಿಯಾದರೆ ಮಾರ್ಜಿನ್ ಹೆಚ್ಚಾಯಿತು ಅನ್ನುತ್ತಾರೆ. ಮಾರ್ಜಿನ್ ಎಲ್ಲ ಕಡೆ ಒಂದೇ ಸಮ 1 ಮಿ.ಮೀ. ಹೆಚ್ಚಾದರೆ ತಾಟು ಚಪ್ಪಟೆಯಾಗಿಯೇ ಉಳಿಯುತ್ತದೆ. ನಡುವಿನ ತೂತು ಮತ್ತು ತಾಟಿನ ಅಡ್ಡಳತೆ ಎರಡೂ ಸುಮಾರು 13 ಮಿ.ಮೀ. ಕಿರಿದಾಗುತ್ತವೆ, ಅಷ್ಟೆ. ಎಸಳಿನ ಕೋನ ಬದಲಾಗಿಲ್ಲವಲ್ಲ. ಕೆಡುವುದು ಹೊಲಿಗೆ ಓರೆಯಾದಾಗ. ಭುಜದ ಕಡೆ ಮಾರ್ಜಿನ್ ಹೆಚ್ಚಾಗಿ ನಡುವಿನ ಕಡೆ ಸರಿಯಿದ್ದರೆ ಬೋಗುಣಿ. ನಡುವಿನ ಕಡೆ ಹೆಚ್ಚಾಗಿ ಭುಜದ ಕಡೆ ಸರಿಯಿದ್ದರೆ ನಿರಿಗೆ. ಹೊಲಿಗೆಯ ಉದ್ದ ಬರೀ 115 ಮಿ.ಮೀ. ಅಷ್ಟರಲ್ಲಿ ಹೊಲಿಗೆ ಅರ್ಧ ಮಿಲಿಮೀಟರ್ ಓರೆಯಾದರೆ, 20 ಹೊಲಿಗೆ ಸೇರಿ 10 ಡಿಗ್ರಿ ತಪ್ಪುತ್ತದೆ. ಒಂದು ಎಸಳಿನ ಅರ್ಧದಷ್ಟು ಹೋಯಿತು ಅಂದ ಹಾಗೆ.

ಓರೆಯಾಗಲು ಮುಖ್ಯ ಕಾರಣ ಕಿರಿದಾದ ತುದಿ. ಪಾದದ ಕೆಳಗಿನಿಂದ ಹೊರಬರುವಾಗ ಅಲ್ಲಿ ಹಿಡಿಯಲು ಬಟ್ಟೆಯೇ ಇರುವುದಿಲ್ಲ, ತುದಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಹೊಲಿಗೆ ಮುಗಿಯುವಲ್ಲಿ ಒಂದು ಚಿಂದಿ ಬಟ್ಟೆ ತಾಗಿಸಿ ಇಟ್ಟು ಅದರ ಮೇಲೆ ಹೊಲಿಗೆ ಓಡಿಸಿಬಿಟ್ಟರೆ ಎಸಳು ನೇರ ಹೋಗುತ್ತದೆ.

ಎರಡು ಎಸಳು ಸರಿಬದಿಗೆ ಸರಿಬದಿ ಇಟ್ಟು, ಭುಜಕ್ಕೆ ಭುಜ ಸರಿ ಹೊಂದಿಸಿ ಟಾಚಣಿ ಹಾಕಿ. ಭುಜದಿಂದ ಕಾಲು ಇಂಚು ಒಳಗೆ ಶುರುಮಾಡಿ, ಹಿಂದಕ್ಕೆ ಭುಜದವರೆಗೆ ಹೊಲಿದು, ಆಮೇಲೆ ಮುಂದಕ್ಕೆ ಕಿರಿದಾದ ತುದಿಯವರೆಗೆ ಹೋಗಿ. ಭುಜದಲ್ಲೇ ಶುರುಮಾಡಿದರೆ ದಾರದ ತುದಿ ಹೊರಗೆ ಇಣುಕುತ್ತದೆ, ಎರಡು ಮೊನೆಗಳ ನಡುವಿನ ಆ ಕಣಿವೆ ಮುಂದೆ ಬಾಯಿಬಿಡುತ್ತದೆ.

ಬಟ್ಟೆಗಳಿಗೆ 1ರಿಂದ 10 ಅಂತ ನಂಬರ್ ಕೊಟ್ಟು, ಕಡು ತಿಳಿ ಒಂದು ಬಿಟ್ಟೊಂದು ಬರುವಂತೆ ಸಾಲು ಮಾಡಿ. ತಾಟಿನಲ್ಲಿ ಸಾಲು ಎರಡು ಸಲ ಬರುತ್ತದೆ, ಒಂದೇ ಬಟ್ಟೆ ಎದುರುಬದುರು ಕೂರುತ್ತದೆ. ಐದೈದು ಎಸಳಿನ ನಾಲ್ಕು ಕಾಲುಭಾಗ ಮಾಡಿಕೊಳ್ಳಿ.

ಪ್ರತಿ ಕಾಲುಭಾಗವೂ 90 ಡಿಗ್ರಿ ಇರಬೇಕು. ಇದನ್ನು ಅಳೆಯಲು ಮನೆಯ ನೆಲದ ಶಹಾಬಾದ್ ಫರಸಿಯ ಮೂಲೆಯೋ ಟೈಲ್ಸಿನ ಮೂಲೆಯೋ ಸಾಕು, ಮೂಲೆಮಟ್ಟ ಸರಿಯಿದೆಯೇ ಅಂತ ಮೊದಲು ನೋಡಿಕೊಳ್ಳಿ. ಇಸ್ತ್ರಿ ಮಾಡಿದ ಕಾಲುಭಾಗದ ಒಂದು ಅಂಚನ್ನು ಕಲ್ಲಿನ ಸಂದಿಗೆ ಸರಿಯಾಗಿ ಇಟ್ಟರೆ ಇನ್ನೊಂದು ಅಂಚು ಅಡ್ಡ ಸಂದಿಗೆ ಸಮನಾಗಿ ನಿಲ್ಲಬೇಕು. ಭುಜದ ಹತ್ತಿರ 2 ಮಿ.ಮೀ. ಒಳಗೆ ವ್ಯತ್ಯಾಸವಿದ್ದರೆ ಅದು 1 ಡಿಗ್ರಿ, ಇಸ್ತ್ರಿಗೆ ಬಗ್ಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಈಗಲೇ ಸರಿಮಾಡಿ. ಕೋನ ಕಡಿಮೆಯಿದ್ದರೆ ಎರಡು ಹೊಲಿಗೆಯನ್ನು ಭುಜದ ಕಡೆ ಸಡಿಲಿಸಿ. ಹೆಚ್ಚಿದ್ದರೆ ಭುಜದ ಕಡೆ ಕೂದಲೆಳೆಯಷ್ಟು ಒಳಗೆ ತೆಗೆದುಕೊಳ್ಳಿ. ನಾಲ್ಕೂ ಭಾಗ ಸೇರಿಸಿಬಿಟ್ಟು ಕೊನೆಯ ಒಂದೇ ಹೊಲಿಗೆಯಲ್ಲಿ ಎಲ್ಲ ತಪ್ಪನ್ನೂ ಮುಚ್ಚಲು ಹೋದರೆ ಒಂದು ಎಸಳು ಎದ್ದುಕಾಣುವಷ್ಟು ಸಣಕಲಾಗುತ್ತದೆ.

ಹಿಂಬದಿಯ ಮಾರ್ಜಿನ್ ಬಿಡಿಸಿ ಎರಡೂ ಕಡೆ ಇಸ್ತ್ರಿ ಮಾಡಿ. ಒಂದೇ ಕಡೆ ಮಡಚಿದರೆ ಬಾಟಿಕ್‌ನಲ್ಲಿ ಏಣು ಏಳುತ್ತದೆ. ಇಸ್ತ್ರಿಯನ್ನು ಎತ್ತಿ ಒತ್ತಬೇಕು, ಎಳೆಯಬಾರದು.

ಬಿಲ್ಲೆ ಮತ್ತು ಚೌಕ

ನಡುವಿನ ತೂತು ಸುಮಾರು 67 ಮಿ.ಮೀ. ಅದನ್ನು ಮುಚ್ಚಲು 9 ಸೆಂ.ಮೀ. ಅಡ್ಡಳತೆಯ ಬಿಲ್ಲೆ. ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ 9 ಸೆಂ.ಮೀ. ಸುತ್ತು ಕತ್ತರಿಸಿ, ಇಲ್ಲಿ ಎಕ್ಸರೇ ಹಾಳೆ ಬೇಡ, ಇಸ್ತ್ರಿಗೆ ಸುರುಟುತ್ತದೆ. ಬಟ್ಟೆಯನ್ನು 11 ಸೆಂ.ಮೀ. ಸುತ್ತು ಕತ್ತರಿಸಿ, ಅಂಚಿನಿಂದ 4 ಮಿ.ಮೀ. ಒಳಗೆ ಸಣ್ಣ ಟಾಕಿಯ ರನ್ನಿಂಗ್ ಹೊಲಿಗೆ ಹಾಕಿ, ಕಾಗದ ನಡುವೆ ಇಟ್ಟು ದಾರ ಎಳೆಯಿರಿ. ಗಂಜಿನೀರು ಸವರಿ ಇಸ್ತ್ರಿ ಒತ್ತಿ, ಪೂರ್ತಿ ಆರಿದ ಮೇಲೆ ಕಾಗದ ತೆಗೆಯಿರಿ. ಬಿಸಿಯಿರುವಾಗಲೇ ತೆಗೆದರೆ ಸುತ್ತು ಮೂಲೆಮೂಲೆಯಾಗುತ್ತದೆ.

ತಳದ ಚೌಕಗಳನ್ನು 17.5 ಇಂಚಿಗೆ ಕತ್ತರಿಸಿ. ತಾಟು ಹೊಲಿದ ಮೇಲೆ ಬಟ್ಟೆ ಸ್ವಲ್ಪ ಕುಗ್ಗುತ್ತದೆ, ಕೊನೆಗೆ 16.5ಕ್ಕೆ ತರಬೇಕು. ಚೌಕವನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಮೂಲೆಯಿಂದ ಮೂಲೆಗೂ ಮಡಿಚಿ ಇಸ್ತ್ರಿ ಗೆರೆ ಮೂಡಿಸಿ. ತಾಟಿನ ಕಾಲುಭಾಗಗಳು ಕೂಡುವ ನಾಲ್ಕು ಹೊಲಿಗೆಗಳನ್ನು ನೇರ ಗೆರೆಗಳ ಮೇಲೆ ಇಡಿ. ಆಗ ಮೂಲೆಗೆರೆಗಳು ಎಸಳಿನ ಮೊನೆಯ ಮೇಲೇ ಹಾದುಹೋಗಬೇಕು. ಎರಡು ಹೊಲಿಗೆಯ ನಡುವೆ 18 ಡಿಗ್ರಿ, 45 ಡಿಗ್ರಿಗೆ ಸರಿಯಾಗಿ ಎರಡೂವರೆ ಎಸಳು. ಹಾಗಾಗಿ ಇದು ತಾಟು ನಡುವೆ ಕೂತಿದೆಯೇ ಅಂತ ತಿಳಿಯುವ ಒಳ್ಳೆಯ ಸಾಕ್ಷಿ.

ಸುತ್ತ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಕೈಯಲ್ಲಿ ಕಾಣದ ಹಾಗೆ ಹೆಮ್ಮಿಂಗ್. ಟಾಕಿ 3 ಮಿ.ಮೀ.ಗೆ ಒಂದು, ಮೊನೆಗೆ ಎರಡು, ಎಸಳಿನ ನಡುವಿನ ಕಣಿವೆಗೆ ಎರಡು. ದಾರ ಎಸಳಿನ ಬಣ್ಣದ್ದಿರಲಿ, ಚೌಕದ ಬಣ್ಣದ್ದಲ್ಲ. ಹೊತ್ತಿಲ್ಲದವರು ಅಂಚಿಗೆ 2 ಮಿ.ಮೀ. ಒಳಗೆ ಮೆಷಿನ್ ಹೊಲಿಗೆ ಓಡಿಸಬಹುದು. ನೋಡಲು ಸ್ವಲ್ಪ ಬಿಗಿ, ಬಾಳಿಕೆಗೆ ಕೊರತೆಯಿಲ್ಲ. ಕೊನೆಗೆ ಬಿಲ್ಲೆ ಕೂರಿಸಿ.

ಕೈಯಲ್ಲೇ ಕೌದಿ ಹೊಲಿಗೆ ಹಾಕುವವರು ತಾಟಿನ ಹಿಂದಿನ ಪಾಪಲೀನನ್ನು ಹೊಲಿಗೆಯಿಂದ 1 ಸೆಂ.ಮೀ. ಒಳಗೆ ಕತ್ತರಿಸಿ ತೆಗೆದರೆ ಒಂದು ಪದರ ಕಡಿಮೆಯಾಗಿ ಸೂಜಿ ಹಗುರ ಓಡುತ್ತದೆ. ಮೆಷಿನ್‌ನಲ್ಲಾದರೆ ಮುಟ್ಟುವ ಅಗತ್ಯವಿಲ್ಲ.

ಚೌಕ ಜೋಡಣೆಯಲ್ಲಿ ಹೇಳುವಂಥದ್ದು ಕಡಿಮೆ. ಸಾಲು ಮಾಡಿ, ಒಂದು ಸಾಲಿನ ಮಾರ್ಜಿನ್ ಎಡಕ್ಕೆ ಇನ್ನೊಂದರದು ಬಲಕ್ಕೆ ಇಸ್ತ್ರಿ ಮಾಡಿದರೆ ಮೂಲೆಗಳು ಕೂಡಿಕೊಳ್ಳುತ್ತವೆ. ಸುತ್ತಲಿನ ಅಂಚಿಗೆ ನಾಲ್ಕೂವರೆ ಇಂಚಿನ ಪಟ್ಟಿ ಬಟ್ಟೆಯ ಉದ್ದಕ್ಕೆ ಕತ್ತರಿಸಿ. ಪಟ್ಟಿಯ ಉದ್ದವನ್ನು ಕೂಡಿಸಿದ ಚೌಕಗಳ ನಟ್ಟನಡುವೆ ಟೇಪು ಹಿಡಿದು ಅಳೆಯಿರಿ. ಅಂಚಿನಲ್ಲಿ ಅಳೆದರೆ ಹಿಗ್ಗಿದ ಅಳತೆ ಬರುತ್ತದೆ, ಅಂಚು ಅಲೆಯಾಗುತ್ತದೆ.

ಒಳಪದರ

ಈ ಭಾಗದ ಸೆಕೆಗೆ ಪಾಲಿಯೆಸ್ಟರ್ ಹಾಳೆ ಹೊಂದುವುದಿಲ್ಲ. ಎತ್ತರದಲ್ಲಿರುವ ಬೀದರಿನ ಡಿಸೆಂಬರ್ ಚಳಿಗೆ ಬೇಕೆಂದರೆ ತೆಳ್ಳನೆಯದು ಹಾಕಬಹುದು. ಗಾದಿ ಅಂಗಡಿಯಲ್ಲಿ ಹಿಂಜಿಸಿದ ಬಿಡಿ ಹತ್ತಿ ಹಾಕುವ ಯೋಚನೆ ಸಹಜ. ಆದರೆ ಎರಡೆರಡು ಇಂಚಿಗೆ ಹೊಲಿಗೆ ಬೀಳದಿದ್ದರೆ ಮೊದಲ ಒಗೆತಕ್ಕೇ ಅದು ಗಂಟುಗಟ್ಟಿ ಒಂದು ಮೂಲೆ ಸೇರುತ್ತದೆ.

ಕೌದಿಯ ಹಳೆಯ ಉಪಾಯವೇ ಇಲ್ಲಿ ಎಲ್ಲಕ್ಕಿಂತ ಒಳ್ಳೆಯದು: ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ, ಎರಡು ಪದರ. ಎರಡು ಸೀರೆ ಬೇಕು. 60 ಇಂಚಿನ ತುಂಡು ಮಾಡಿ, ಒಂದು ಪದರಕ್ಕೆ ಎರಡೆರಡು. ಅಂಚಿಗೆ ಅಂಚು ತಾಗಿಸಿ ಕೈಯಲ್ಲಿ ಜೋಡಿಸಿ, ಒಂದರ ಮೇಲೊಂದು ಹತ್ತಿಸಬೇಡಿ. ಎರಡು ಪದರದ ಕೂಡುಗೆರೆಗಳು ಬೇರೆಬೇರೆ ಕಡೆ ಬರಲಿ. ದಡಿ ಮತ್ತು ಸೆರಗು ಬಿಚ್ಚಿ ತೆಗೆಯಿರಿ. ಅಲ್ಲಿ ರೇಷ್ಮೆ ಅಥವಾ ದಪ್ಪ ನೂಲಿದ್ದರೆ ಕುಗ್ಗುವುದು ಬೇರೆ. ಕಡುಬಣ್ಣದ ಸೀರೆ ಕೆನೆಬಣ್ಣದ ಚೌಕದಿಂದ ತೋರುತ್ತದೆ, ಮೇಲಿನ ಪದರ ತಿಳಿಬಣ್ಣದ್ದೇ ಇರಲಿ.

ಅಸ್ತರವನ್ನು ಹಿಂಬದಿ ಮೇಲಾಗಿ ಗುಡಿಸಿದ ನೆಲದ ಮೇಲೆ ಹಾಸಿ, ಸುತ್ತ ಟೇಪು ಹಚ್ಚಿ. ಬಿಗಿಯಿರಲಿ, ಎಳೆತ ಬೇಡ. ಒಳಪದರ, ಅದರ ಮೇಲೆ ತಾಟಿನ ಹೊದಿಕೆ. ಅಸ್ತರವೂ ಒಳಪದರವೂ ಎಲ್ಲ ಕಡೆ 2 ಇಂಚು ಹೊರಗಿರಬೇಕು. ನಡುವಿನಿಂದ ಶುರುಮಾಡಿ ನಾಲ್ಕು ಇಂಚಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿ.

ಕೌದಿ ಹೊಲಿಗೆ

ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಬರುವ ರೂಢಿಯವರು ಇಲ್ಲಿ ಅದನ್ನು ಬಿಡಬೇಕು. ಬಾಟಿಕ್ ಹಿಗ್ಗುವುದಿಲ್ಲವಾದ್ದರಿಂದ ಸರಿದ ಬಟ್ಟೆಯೆಲ್ಲ ನಡುವೆ ಬಂದು ಉಬ್ಬುತ್ತದೆ. ನಡುವಿನ ತಾಟಿನಿಂದ ಹೊರಕ್ಕೆ ಹೋಗಿ.

ಮೊದಲು ಪ್ರತಿ ತಾಟಿನ ಹೊರಗೆ ಕಾಲು ಇಂಚು ದೂರದಲ್ಲಿ ಒಂದು ಸುತ್ತು. ಬಿಲ್ಲೆಯ ಸುತ್ತ ಒಂದು. ಎಸಳಿನ ಒಳಗೆ ಹೂಬಳ್ಳಿಯ ಹೊಲಿಗೆ ಹಾಕುವುದು ವ್ಯರ್ಥ: ಬಾಟಿಕ್‌ನ ಚಿತ್ತಾರದಲ್ಲಿ ಟಾಕಿ ಕಾಣುವುದೇ ಇಲ್ಲ, ಒತ್ತು ನೇಯ್ಗೆಗೆ ಬೆರಳೂ ನೋಯುತ್ತದೆ. ಎಸಳೊಂದಕ್ಕೆ ನಡುವೆ ಒಂದು ಗೆರೆ ಸಾಕು, ಪದರ ಸರಿಯದಿರಲು.

ಆ ಶ್ರಮವನ್ನು ನಾಲ್ಕು ತಾಟುಗಳ ನಡುವಿನ ಖಾಲಿ ಜಾಗಕ್ಕೆ ಕೊಡಿ. ಅಲ್ಲಿ ಓರೆಯಾಗಿ ಎದುರುಬದುರಾದ ಮೊನೆಗಳ ನಡುವೆ ಎಂಟೂವರೆ ಇಂಚಿಗೂ ಹೆಚ್ಚು ಜಾಗ ಉಳಿಯುತ್ತದೆ, ಹೊಲಿಗೆ ಬೀಳದಿದ್ದರೆ ಜೋತುಬೀಳುತ್ತದೆ. ಅರ್ಧ ಇಂಚು ಅಂತರದಲ್ಲಿ ತಾಟಿನ ಹೊರರೇಖೆಯನ್ನೇ ಅನುಸರಿಸಿ ಕೌದಿಯ ಸಾಲು ಹೊಲಿಗೆ ಹಾಕುತ್ತ ಹೋದರೆ ನಾಲ್ಕು ಕಡೆಯ ಸಾಲುಗಳು ನಡುವೆ ಕೂಡಿ ನಕ್ಷತ್ರವಾಗುತ್ತದೆ. ಸಾದಾ ಪಾಪಲೀನ್ ಮೇಲೆ ಕೆಂಪು ಅಥವಾ ನೀಲಿ ದಾರದ ಟಾಕಿ ಎದ್ದುಕಾಣುತ್ತದೆ. ಟಾಕಿ ಸಣ್ಣದಿರಬೇಕು ಅನ್ನುವುದಕ್ಕಿಂತ ಒಂದೇ ಸಮ ಇರಬೇಕು, 5 ಮಿ.ಮೀ. ಚೆನ್ನಾಗಿ ಕಾಣುತ್ತದೆ. ಬೆರಳಿಗೆ ತೊಡುವ ಲೋಹದ ಟೋಪಿ ಇಲ್ಲದೆ ಕೂರಬೇಡಿ.

ಅಂಚುಪಟ್ಟಿ, ಒಗೆತ

ಹೊದಿಕೆಯನ್ನು ಮೂಲೆಮಟ್ಟಕ್ಕೆ ಕತ್ತರಿಸಿ. ಎರಡೂವರೆ ಇಂಚಿನ ನೇರ ಪಟ್ಟಿಗಳನ್ನು ಓರೆಗೆ ಜೋಡಿಸಿ 266 ಇಂಚು ಉದ್ದ ಮಾಡಿ. ಅಂಚು ನೇರವಿರುವುದರಿಂದ ಕ್ರಾಸ್ ಪಟ್ಟಿ ಬೇಕಿಲ್ಲ. ಪಟ್ಟಿಯನ್ನು ಉದ್ದಕ್ಕೆ ಎರಡು ಮಡಿಕೆ ಇಸ್ತ್ರಿ ಮಾಡಿ, ಮುಂಬದಿಯಲ್ಲಿ ಕಾಲು ಇಂಚು ಬಿಟ್ಟು ಹೊಲಿಯಿರಿ. ಮೂಲೆಗೆ ಕಾಲು ಇಂಚು ಮೊದಲೇ ನಿಲ್ಲಿಸಿ, ದಾರ ಕತ್ತರಿಸಿ, ಪಟ್ಟಿಯನ್ನು ಮೇಲಕ್ಕೆ ಎತ್ತಿ ಓರೆ ಮಡಿಕೆ ಮಾಡಿ, ಮತ್ತೆ ಕೆಳಗಿಳಿಸಿ ಅಂಚಿನಿಂದಲೇ ಮುಂದುವರಿಸಿ. ಹಿಂದಕ್ಕೆ ಮಡಚಿ ಕೈಯಲ್ಲಿ ಹೆಮ್ಮಿಂಗ್. ಹೊದಿಕೆಯಲ್ಲಿ ಮೊದಲು ಹರಿಯುವುದು ಈ ಅಂಚೇ. ಎರಡು ಪದರದ ಬಾಟಿಕ್ ಪಟ್ಟಿ ಅದಕ್ಕೆ ತಡೆಯುತ್ತದೆ.

ಕಚ್ಚಾ ಹೊಲಿಗೆ ತೆಗೆದು ಒಮ್ಮೆ ಪೂರ್ತಿ ಒಗೆಯಿರಿ. ಗಂಜಿ ಒಳಗೆ ಉಳಿದರೆ ಟ್ರಂಕಿನಲ್ಲಿ ಜಿರಲೆ ಮತ್ತು ಬೆಳ್ಳಿಹುಳು ಹುಡುಕಿಕೊಂಡು ಬರುತ್ತವೆ. ತಣ್ಣೀರು, ಕಡಿಮೆ ಸೋಪು, ನೆನೆಹಾಕುವುದು ಬೇಡ. ಜೊತೆಗೆ ಒಂದು ಬಿಳಿ ಹತ್ತಿ ತುಂಡು ಹಾಕಿ. ಅದಕ್ಕೆ ಬಣ್ಣ ಹತ್ತಿದ್ದು ಕಂಡರೆ ಹೊದಿಕೆಯನ್ನು ಒದ್ದೆಯಾಗಿ ಮಡಚಿಡದೆ, ಒಣಗಲು ಬಿಡದೆ, ನೀರು ತಿಳಿಯಾಗುವವರೆಗೆ ಜಾಲಿಸುತ್ತಲೇ ಇರಿ. ಒದ್ದೆ ಬಾಟಿಕ್ ಕೆನೆಬಣ್ಣದ ಮೇಲೆ ಮಡಚಿ ಕೂತರೆ ಬಣ್ಣ ದಾಟುತ್ತದೆ. ಒಣಗಿತೋ, ಕಲೆ ಅಲ್ಲೇ ನಿಂತಿತು. ಹಿಂಬದಿ ಮೇಲಾಗಿ, ನೆರಳಿನಲ್ಲಿ, ಎರಡು ಹಗ್ಗದ ಮೇಲೆ ಹರವಿ ಒಣಗಿಸಿ. ಒಂದೇ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರ ಪೂರ್ತಿ ನಡುವಿನ ತಾಟುಗಳ ಹೊಲಿಗೆಯ ಮೇಲೆ ಬೀಳುತ್ತದೆ.